ಒಂಬತ್ತು ವರ್ಷ ನಿಂತ 1987ರ ಪೋರ್ಶೆ 944: ತಗೊಳ್ಳಲೋ, ಬಿಡಲೋ?

ಸೋಮವಾರಪೇಟೆ_ಎನ್‌ಜೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ನ್ಯೂಜೆರ್ಸಿಯಲ್ಲಿ, ಮನೆಯಿಂದ ಇಪ್ಪತ್ತು ಮೈಲಿ ದೂರದಲ್ಲಿ ಒಂದು 1987ರ ಪೋರ್ಶೆ 944 ಮಾರಾಟಕ್ಕಿದೆ. ಟರ್ಬೊ ಅಲ್ಲ, ಎಸ್ ಅಲ್ಲ. ಮಾಮೂಲಿ 8 ವಾಲ್ವಿನ 2.5 ಲೀಟರ್ ಎಂಜಿನ್, 5 ಗೇರಿನ ಮ್ಯಾನುಯಲ್. 2016ರಿಂದ ಶೆಡ್ಡಿನಲ್ಲಿ ನಿಂತಿದೆ. ಓಡೋಮೀಟರ್ 96,000 ಮೈಲಿ ತೋರಿಸುತ್ತಿದೆ. ಕೇಳುತ್ತಿರುವುದು 4,500 ಡಾಲರ್.

"ನಿಲ್ಲಿಸುವಾಗ ಚೆನ್ನಾಗೇ ಓಡ್ತಿತ್ತು, ಶನಿವಾರ ಬನ್ನಿ, ಬ್ಯಾಟರಿ ಹಾಕಿ ನಿಮ್ಮೆದುರೇ ಸ್ಟಾರ್ಟ್ ಮಾಡಿ ತೋರಿಸ್ತೀನಿ" ಅಂದಿದ್ದಾರೆ ಮಾಲೀಕರು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅನ್ನೋದಕ್ಕೆ ಚೀಟಿ ಇಲ್ಲ. ನನ್ನ ಹತ್ತಿರ ಗ್ಯಾರೇಜ್, ಜಾಕ್ ಸ್ಟ್ಯಾಂಡ್, ಸಾಮಾನ್ಯ ಪಾನಾ ಸೆಟ್ ಇದೆ. ಬ್ರೇಕು, ಸಸ್ಪೆನ್ಶನ್ ಕೆಲಸ ಬರುತ್ತೆ, ಎಂಜಿನ್ ಒಳಗೆ ಕೈ ಹಾಕಿಲ್ಲ. ಏನೇನು ನೋಡಬೇಕು, ಎಷ್ಟಕ್ಕೆ ಕೇಳಬೇಕು, ಅಥವಾ ನೋಡೋದೇ ಬೇಡವಾ?

ಧಾರವಾಡ_ಡೆಟ್ರಾಯಿಟ್

ಅಣ್ಣಾ, ಮೊದ್ಲ ಒಂದು ಕೆಲಸ ಮಾಡ್ರಿ. ಅವರಿಗೆ ಈಗಿಂದೀಗ ಫೋನ್ ಹಚ್ಚಿ, ಶನಿವಾರದ ಮಟಾ ಬ್ಯಾಟರಿ ಹಚ್ಚಬ್ಯಾಡ್ರಿ, ಸೆಲ್ಫ್ ಹೊಡೀಬ್ಯಾಡ್ರಿ ಅಂತ ಹೇಳ್ರಿ. ಉಳದದ್ದೆಲ್ಲಾ ಆಮ್ಯಾಲ ಮಾತಾಡೋಣು.

ಕ್ಯಾಮ್_ಗೇರ್

ಧಾರವಾಡದವರ ಮಾತು ಅಕ್ಷರಶಃ ಪಾಲಿಸಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

944ರಲ್ಲಿ ಕ್ಯಾಮ್, ಅಂದರೆ ವಾಲ್ವ್ ತೆರೆಯುವ ಶಾಫ್ಟ್, ತಿರುಗಿಸುವುದು ರಬ್ಬರಿನ ಹಲ್ಲಿನ ಬೆಲ್ಟ್, ಅದೇ ಟೈಮಿಂಗ್ ಬೆಲ್ಟ್. ವಾಲ್ವ್ ತೆರೆದಾಗ ಇಳಿದು ನಿಲ್ಲುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತದೆ. ಎರಡೂ ಒಂದಕ್ಕೊಂದು ತಾಗದೆ ಇರುವುದು ಆ ಬೆಲ್ಟ್ ಲೆಕ್ಕ ತಪ್ಪದೆ ಓಡುವ ತನಕ ಮಾತ್ರ. ಬೆಲ್ಟ್ ಕಡಿದರೆ ಅಥವಾ ಹಲ್ಲು ಕಿತ್ತು ಜಾರಿದರೆ ವಾಲ್ವ್ ಬಾಗಿತು ಅಂತಲೇ ಲೆಕ್ಕ. ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ, ಇಳಿಸಬೇಕು. ಬೆಲ್ಟ್ ಬದಲಾಯಿಸುವ ವಾಡಿಕೆ 30,000 ಮೈಲಿಗೆ ಅಥವಾ ಮೂರು ನಾಲ್ಕು ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ನಿಮ್ಮದು ನಿಂತೇ ಒಂಬತ್ತು ವರ್ಷ ಆಗಿದೆ, ಅದಕ್ಕೂ ಹಿಂದಿನದು ಗೊತ್ತಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಹಳೇ ಕೂಲೆಂಟಿನಲ್ಲಿ ವರ್ಷಗಟ್ಟಲೆ ನಿಂತ ಪಂಪಿನ ಬೇರಿಂಗ್ ಹಿಡಿದುಕೊಂಡಿದ್ದರೆ, ಸೆಲ್ಫ್ ಹೊಡೆದ ಕೂಡಲೇ ಪಂಪ್ ಮಿಸುಕುವುದಿಲ್ಲ, ಬೆಲ್ಟಿನ ಹಲ್ಲು ಕಿತ್ತುಬರುತ್ತದೆ. ಜತೆಗೆ ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗಳಿಗೆ ಬೇರೆಯದೇ ಬೆಲ್ಟ್ ಇದೆ. ಅದು ಕಡಿದರೆ ಅದರಿಂದ ನೇರ ಹಾನಿ ಇಲ್ಲ, ಆದರೆ ಕಡಿದ ತುಂಡು ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡರೆ ಅದನ್ನೂ ಎಳೆದು ಹಾಕುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. "ಸ್ಟಾರ್ಟ್ ಮಾಡಿ ತೋರಿಸ್ತೀನಿ" ಅನ್ನುವುದು ಒಳ್ಳೇ ಮನಸ್ಸಿನ ಮಾತೇ ಇರಬಹುದು. ಆದರೆ ಸ್ಟಾರ್ಟ್ ಆದರೆ ನಿಮಗೆ ಗೊತ್ತಾಗುವುದು ತೀರಾ ಕಡಿಮೆ. ಎಡವಟ್ಟಾದರೆ ಇಬ್ಬರಿಗೂ ನಷ್ಟ. ಬೇಕಾದ ಉತ್ತರವೆಲ್ಲ ಸ್ಟಾರ್ಟ್ ಮಾಡದೆಯೇ ಸಿಗುತ್ತದೆ.

ಹೊಸಬ_ಟೊರಾಂಟೊ

ಸರ್, ಮಧ್ಯೆ ಬಾಯಿ ಹಾಕ್ತಿದ್ದೀನಿ. ಸ್ಟಾರ್ಟ್ ಮಾಡದೆ ಬರೀ ಕಂಪ್ರೆಷನ್ ಟೆಸ್ಟ್ ಮಾಡಿದರೆ ಸಾಕಾಗಲ್ವಾ?

ಕ್ಯಾಮ್_ಗೇರ್

ಕಂಪ್ರೆಷನ್ ನೋಡಬೇಕಾದರೂ ಸೆಲ್ಫ್ ಹೊಡೆಯಲೇಬೇಕಲ್ಲ. ಹಳೇ ಬೆಲ್ಟಿಗೆ, ಹಿಡಿದುಕೊಂಡ ಪಂಪಿಗೆ ಅಷ್ಟು ವೇಗವೇ ಸಾಕು. ಅಲ್ಲದೆ ಕಡಿಮೆ ಬಂದರೆ ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನುವುದು ಅದರಲ್ಲಿ ತಿಳಿಯುವುದಿಲ್ಲ. ಇಲ್ಲಿ ಬೇಕಿರುವುದು ಲೀಕ್‌ಡೌನ್ ಟೆಸ್ಟ್, ಎಂಜಿನ್ ಕೈಯಲ್ಲೇ ತಿರುಗಿಸಿ, ಸಿಲಿಂಡರಿಗೆ ಗಾಳಿ ತುಂಬಿ, ಶೇಕಡಾ ಎಷ್ಟು ಸೋರುತ್ತದೆ ಅಂತ ಅಳೆಯುವಂಥದ್ದು.

ಸೋಮವಾರಪೇಟೆ ಅವರೇ, ಶನಿವಾರ ತಗೊಂಡು ಹೋಗಬೇಕಾದ್ದು: 24 ಮಿ.ಮೀ. ಸಾಕೆಟ್ಟು, ಉದ್ದ ಹಿಡಿಯ ರ‍್ಯಾಚೆಟ್, ಪ್ಲಗ್ ಸಾಕೆಟ್, ಎರಡು ಗೇಜಿನ ಲೀಕ್‌ಡೌನ್ ಟೆಸ್ಟರ್, ಚಿಕ್ಕ ಕಂಪ್ರೆಸರ್, ಫೋನಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾ, ಒಂದು ಸಿರಿಂಜು, ಅರ್ಧ ಲೀಟರ್ ತೆಳು ಎಣ್ಣೆ. ಮಾಲೀಕರ ಶೆಡ್ಡಿನಲ್ಲಿ ಕರೆಂಟ್ ಇದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ 10 ಮಿ.ಲೀ. ಎಣ್ಣೆ ಬಿಡಿ. ಈ ಎಂಜಿನ್ ನೆಟ್ಟಗೆ ಕೂತಿಲ್ಲ, 45 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಎಣ್ಣೆ ಒಂದೇ ಪಕ್ಕಕ್ಕೆ ಹರಿದು ನಿಲ್ಲುತ್ತದೆ, ರಿಂಗಿನ ಸುತ್ತ ಹರಡಲು ಸಮಯ ಬೇಕು. ಶುಕ್ರವಾರವೇ ಒಮ್ಮೆ ಹೋಗಿ ಎಣ್ಣೆ ಬಿಟ್ಟು ಬರಲು ಅವರು ಒಪ್ಪಿದರೆ ಎಲ್ಲಕ್ಕಿಂತ ಒಳ್ಳೆಯದು.

ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಎಂಜಿನ್ನಿನ ಮುಂಭಾಗದಲ್ಲೇ ಇದೆ. ಒಳಗಿನ ರೋಟರ್ ನೇರವಾಗಿ ಕ್ಯಾಮ್‌ಶಾಫ್ಟಿನ ತುದಿಗೆ ಕೂತಿರುತ್ತದೆ, ಮಧ್ಯದಲ್ಲಿ ಬೇರೆ ಗೇರು ಗೀರು ಇಲ್ಲ. ಅದೇ ನಿಮ್ಮ ಕಿಟಕಿ. ಕೆಳಗಿನಿಂದ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ಪುಲ್ಲಿಯ ಬೋಲ್ಟಿಗೆ 24ರ ಸಾಕೆಟ್ ಹಾಕಿ, ಮುಂದಿನಿಂದ ನೋಡಿದಂತೆ ಗಡಿಯಾರದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಇನ್ನೊಬ್ಬರು ಮೇಲೆ ರೋಟರ್ ನೋಡುತ್ತಿರಲಿ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ರೋಟರ್ ಸರಿಯಾಗಿ ಒಂದು ಸುತ್ತು ಬರಬೇಕು. ಕ್ರ್ಯಾಂಕ್ ತಿರುಗುತ್ತಿದೆ, ರೋಟರ್ ಸುಮ್ಮನೆ ನಿಂತಿದೆ ಅಂದರೆ ಬೆಲ್ಟ್ ಹೋಗಿದೆ, ಕಾರು ನಿಲ್ಲಲು ಕಾರಣವೂ ಅಲ್ಲೇ ಸಿಕ್ಕಿತು. ಎಲ್ಲಾದರೂ ಟಕ್ ಅಂತ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವಿಗೆ ಪಿಸ್ಟನ್ ತಾಗಿರಬಹುದು. ಹಿಂದಕ್ಕೂ ತಿರುಗಿಸಬೇಡಿ, ಬೆಲ್ಟ್ ಸಡಿಲವಾಗಿ ಹಲ್ಲು ಜಾರುತ್ತದೆ.

ಸರಾಗ ತಿರುಗಿದರೆ ಲೀಕ್‌ಡೌನ್. ಕಾರಿನ ಮುಂಭಾಗಕ್ಕಿರುವುದು 1ನೇ ಸಿಲಿಂಡರ್, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹತ್ತುವ ಸರದಿ, 1-3-4-2. ರೋಟರ್ 1ನೇ ಸಿಲಿಂಡರಿನ ಗುರುತಿಗೆ ಬಂದಾಗ ಅದರ ಪಿಸ್ಟನ್ ಮೇಲಿರುತ್ತದೆ, ಎರಡೂ ವಾಲ್ವ್ ಮುಚ್ಚಿರುತ್ತದೆ. ಅಲ್ಲಿ ಗಾಳಿ ಕೊಡಿ. ಅಲ್ಲಿಂದ ಕ್ರ್ಯಾಂಕ್ ಅರ್ಧ ಸುತ್ತು ಹೋದರೆ 3, ಮತ್ತರ್ಧ 4, ಮತ್ತರ್ಧ 2. ಗಾಳಿ ಬಿಟ್ಟಾಗ ಪಿಸ್ಟನ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಕ್ರ್ಯಾಂಕ್ ರಪ್ಪನೆ ತಿರುಗುತ್ತದೆ, ರ‍್ಯಾಚೆಟ್ ಕೈಗೆ ಬಡಿದರೆ ಮೂಳೆ ಮುರಿಯುತ್ತದೆ. ಟೂಲ್ ತೆಗೆದು, ಗೇರ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು, ಆಮೇಲೆ ಗಾಳಿ ಕೊಡಿ.

ಸಂಖ್ಯೆಗಿಂತ ಕಿವಿ ಮುಖ್ಯ. ಸೈಲೆನ್ಸರಿನಿಂದ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಕಡೆಯಿಂದಾದರೆ ಇನ್‌ಟೇಕ್ ವಾಲ್ವ್. ಆಯಿಲ್ ಮುಚ್ಚಳದಿಂದ ಬಂದರೆ ರಿಂಗು. ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. 10 ಶೇಕಡಾ ಒಳಗಿದ್ದರೆ ಚೆನ್ನಾಗಿದೆ. ನಿಂತ ಎಂಜಿನ್ನಿನಲ್ಲಿ 15, 20 ಬಂದರೂ ಗಾಬರಿ ಬೇಡ. ಬಾಗಿದ ವಾಲ್ವ್ ಹಾಗೆ ಅನುಮಾನಕ್ಕೆ ಜಾಗ ಕೊಡುವುದಿಲ್ಲ, 60ರಿಂದ 100ರ ತನಕ ಸೋರುತ್ತದೆ.

ಬೋರ್‌ಸ್ಕೋಪ್ ಇಳಿಸಿ ಗೋಡೆ ನೋಡುವುದು ಮರೆಯಬೇಡಿ. ಇದು ಅಲುಸಿಲ್ ಬ್ಲಾಕ್. ಅಲ್ಯೂಮಿನಿಯಮ್ ಸಿಲಿಕಾನ್ ಮಿಶ್ರಲೋಹ, ಒಳಗೆ ಕಬ್ಬಿಣದ ಲೈನರ್ ಇಲ್ಲ. ಗೋಡೆಗೆ ತುಕ್ಕು ಹಿಡಿಯುವುದಿಲ್ಲ, ಅದು ಲಾಭ. ಆದರೆ ಉದ್ದುದ್ದ ಗೀರು ಬಿದ್ದಿದ್ದರೆ ಪೇಟೆಯ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಮುಗಿಸಲು ಆಗದು. ಸಿಲಿಕಾನ್ ಕಣಗಳನ್ನು ಮೇಲಕ್ಕೆ ಎಬ್ಬಿಸುವ ಬೇರೆಯದೇ ಫಿನಿಶಿಂಗ್ ಬೇಕು. ಉಗುರಿಗೆ ಸಿಗುವಂಥ ಗೀರು ಕಂಡರೆ ಆ ಎಂಜಿನ್ನಿಗೆ ಬೆಲೆ ಇಲ್ಲ ಅಂತ ಲೆಕ್ಕ ಹಾಕಿ.

ಮಲೆನಾಡ_ಮಳೆ

ಎಂಜಿನ್ ಬಗ್ಗೆ ಕ್ಯಾಮ್_ಗೇರ್ ಅವರು ಹೇಳಿದ ಮೇಲೆ ನಾನು ಸೇರಿಸುವುದು ಏನೂ ಇಲ್ಲ. ಬಾಡಿ ಬಗ್ಗೆ ಹೇಳುತ್ತೇನೆ.

944ರ ಬಾಡಿಯ ಉಕ್ಕಿಗೆ ಎರಡೂ ಬದಿ ಸತುವಿನ ಲೇಪ ಇದೆ. ಅದೇ ಕಾಲದ ಬೇರೆ ಕಾರುಗಳಂತೆ ಬಾಗಿಲ ಅಂಚು, ಮಡ್‌ಗಾರ್ಡ್ ಎಲ್ಲ ಉದುರಿರುವುದಿಲ್ಲ. ಹಾಗಿದ್ದೂ ಮಡ್‌ಗಾರ್ಡಿನಲ್ಲಿ ಗುಳ್ಳೆ ಕಂಡರೆ ಅದು ಹಿಂದೆ ಗುದ್ದಿಸಿಕೊಂಡು ರಿಪೇರಿಯಾದ ಜಾಗ ಅಂತ ಅನುಮಾನಿಸಿ.

ಸತು ಸೋಲುವುದು ಬ್ಯಾಟರಿ ಆಸಿಡ್ಡಿಗೆ. ಬಾನೆಟ್ ಎತ್ತಿದಾಗ ಹಿಂದಿನ ಗೋಡೆಯ ಹತ್ತಿರ, ಪ್ಯಾಸೆಂಜರ್ ಕಡೆ ಬ್ಯಾಟರಿ ಕೂರುವ ತಟ್ಟೆ ಇದೆ. ಬ್ಯಾಟರಿ ಎತ್ತಿ, ತಟ್ಟೆಗೆ ಟಾರ್ಚ್ ಬಿಟ್ಟು, ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಹಪ್ಪಳದಂತೆ ಕುಸಿದರೆ ಮಳೆ ನೀರು ನೇರ ಒಳಗೆ ಇಳಿದಿದೆ. ಎಲ್ಲಿಗೆ ಇಳಿಯುತ್ತದೆ ಅನ್ನುವುದೇ ಮುಖ್ಯ: ಪ್ಯಾಸೆಂಜರ್ ಕಾಲಿಡುವ ಜಾಗಕ್ಕೆ. 1987ರ ಕಾರಿನಲ್ಲಿ ಅಲ್ಲಿನ ಕಾರ್ಪೆಟ್ ಮತ್ತು ಹಲಗೆಯ ಕೆಳಗೇ ಎಂಜಿನ್ನಿನ ಕಂಪ್ಯೂಟರ್, ಅಂದರೆ ಡಿಎಂಇ ಪೆಟ್ಟಿಗೆ ಇರುವುದು. ಕಾರ್ಪೆಟ್ ಮೇಲೆ ಒಣಗಿದಂತೆ ಕಾಣುತ್ತದೆ, ಅಡಿಯ ಸ್ಪಂಜ್ ನೀರು ಹಿಡಿದಿರುತ್ತದೆ. ಅಂಗೈ ಇಟ್ಟು ಭಾರ ಬಿಟ್ಟು ಒತ್ತಿ ನೋಡಿ. ಹಲಗೆ ಎತ್ತಲು ಬಿಟ್ಟರೆ ಎತ್ತಿ, ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಪುಡಿ ಇದೆಯೇ ನೋಡಿ.

ಹಿಂಬದಿಯ ದೊಡ್ಡ ಗಾಜಿನ ಡಿಕ್ಕಿ ಬಾಗಿಲು ಇನ್ನೊಂದು. ಗಾಜು ಚೌಕಟ್ಟಿಗೆ ಅಂಟಿನಿಂದ ಕೂತಿರುತ್ತದೆ, ವಯಸ್ಸಾದ ಹಾಗೆ ಅಂಟು ಬಿಡುತ್ತದೆ. ಗಾಜಿನ ಅಂಚು ಹಿಡಿದು ಮೇಲಕ್ಕೆತ್ತಿ ನೋಡಿ, ಚೌಕಟ್ಟಿನಿಂದ ಬೇರೆಯಾಗಿ ಅಲುಗಬಾರದು. ಅಲ್ಲಿಂದ ಬಂದ ನೀರು ಸ್ಪೇರ್ ಚಕ್ರದ ಗುಂಡಿಯಲ್ಲಿ ನಿಂತಿರುತ್ತದೆ. ಹಿಂಬದಿ ಜಾಕ್ ಕೊಡುವ ಜಾಗದ ಸಿಲ್ ಕೂಡ ಬೆರಳಲ್ಲಿ ತಟ್ಟಿ.

ಇಲಿ! ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿ, ಹೀಟರ್ ಬ್ಲೋವರಿನ ಬಾಯಿ ನೋಡಿ. ಗೂಡು ಸಿಕ್ಕರೆ ವೈರಿಂಗನ್ನೂ ಕಡಿದಿರುತ್ತದೆ ಅಂತಲೇ ತಿಳಿದು ಪೂರ್ತಿ ಹುಡುಕಬೇಕು. ಡ್ಯಾಶ್‌ಬೋರ್ಡ್ ಬಿರುಕು ಹೆಚ್ಚಿನ 944ಗಳಲ್ಲಿ ಇರುತ್ತದೆ, ಅದಕ್ಕೆ ಬೆಲೆ ಇಳಿಸಲು ಹೋಗಿ ಮಾತು ಹಾಳು ಮಾಡಿಕೊಳ್ಳಬೇಡಿ.

ಲೆಕ್ಕದ_ಪುಸ್ತಕ

ಕಾಗದ ಮತ್ತು ಕಾಸಿನ ವಿಷಯ.

ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರ, ಮಾರುವವರ ಹೆಸರಿನಲ್ಲೇ ಇರಬೇಕು. ಅದರ ಮೇಲೆ ಬ್ಯಾಂಕಿನ ಲಿಯನ್ (ಸಾಲದ ಹಕ್ಕು) ನಮೂದಾಗಿದ್ದರೆ ಸಾಲ ತೀರಿದ ಪತ್ರ ಕೈಗೆ ಬರುವ ತನಕ ದುಡ್ಡು ಕೊಡಬೇಡಿ. ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಗಾಜಿನ ಕೆಳಗಿನದೂ ಟೈಟಲ್‌ನದೂ ಒಂದೇ ಇರಬೇಕು. 10ನೇ ಅಕ್ಷರ ಎಚ್ ಇದ್ದರೆ 1987ರ ಮಾಡೆಲ್, 11ನೆಯದು ಎನ್ ಅಂದರೆ ನೆಕಾರ್‌ಸುಲ್ಮ್ ಕಾರ್ಖಾನೆ. ಡಿಕ್ಕಿಯಲ್ಲಿ ಆಯ್ಕೆಗಳ ಸಂಕೇತ ಇರುವ ಸ್ಟಿಕ್ಕರ್ ಉಳಿದಿದ್ದರೆ ಫೋಟೊ ತೆಗೆಯಿರಿ. ಅದರಲ್ಲಿ 220 ಅಂತ ಇದ್ದರೆ ಲಾಕಿಂಗ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವಂಥದ್ದು) ಇದೆ, ಆ ಗೇರ್‌ಬಾಕ್ಸಿಗೆ ಒಂಟಿಯಾಗಿಯೇ ಒಳ್ಳೇ ಬೆಲೆ.

96,000 ಮೈಲಿ ಅನ್ನುವುದನ್ನು ನಂಬಬೇಡಿ. ಮಾಲೀಕರು ಸುಳ್ಳು ಹೇಳುತ್ತಾರೆ ಅಂತಲ್ಲ. ಈ ಕಾರುಗಳ ಓಡೋಮೀಟರಿನ ಪ್ಲಾಸ್ಟಿಕ್ ಗೇರು ಪುಡಿಯಾಗುವುದು ಮಾಮೂಲು. ಸ್ಪೀಡೋಮೀಟರ್ ಮುಳ್ಳು ಆಡುತ್ತಲೇ ಇರುತ್ತದೆ, ಅಂಕಿ ಮಾತ್ರ ನಿಂತಿರುತ್ತದೆ. ಹಳೇ ಸರ್ವಿಸ್ ಚೀಟಿಗಳಲ್ಲಿ ಎರಡು ವರ್ಷದ ಮೈಲಿ ಒಂದೇ ಇದ್ದರೆ ಗೊತ್ತಾಗಿಬಿಡುತ್ತದೆ.

ಈಗ ಖರ್ಚು, ಎಲ್ಲ ಕೆಲಸ ನೀವೇ ಮಾಡಿದರೆ. ಇದು ನನ್ನ ಅಂದಾಜು, ಬಿಡಿಭಾಗಕ್ಕೆ ಮಾತ್ರ. ಎರಡೂ ಬೆಲ್ಟು, ರೋಲರು, ವಾಟರ್ ಪಂಪು, ಮುಂದಿನ ಸೀಲುಗಳು ಸೇರಿ 500ರಿಂದ 700 ಡಾಲರ್. ಪೆಟ್ರೋಲಿನ ಕಡೆ, ಅಂದರೆ ಹೋಸು, ಪಂಪು, ಫಿಲ್ಟರು, ಇಂಜೆಕ್ಟರ್ ತೊಳೆಸುವುದು, 500ರಿಂದ 800. ಬ್ರೇಕಿಗೆ 500ರಿಂದ 700. ಟೈರು ನಾಲ್ಕಕ್ಕೆ 500ರಿಂದ 700. ಕ್ಲಚ್ಚಿನ ಮಾಸ್ಟರ್, ಸ್ಲೇವ್ ಸಿಲಿಂಡರಿಗೆ 150ರಿಂದ 250. ಕೂಲೆಂಟ್ ಮತ್ತು ವ್ಯಾಕ್ಯೂಮ್ ಹೋಸುಗಳಿಗೆ 250, ಎಂಜಿನ್ ಮೌಂಟಿಗೆ 300. ಹತ್ತಿರ ಹತ್ತಿರ 2,700ರಿಂದ 3,700. ಇಷ್ಟೂ "ಎಲ್ಲ ಸರಿಯಿದೆ" ಅನ್ನುವ ಕಾರಿಗೆ. ಕ್ಲಚ್ ಪ್ಲೇಟ್ ಹೋಗಿದ್ದರೆ ಇನ್ನೊಂದು ಸಾವಿರ.

4,500ಕ್ಕೆ ತಗೊಂಡರೆ ರಸ್ತೆಗಿಳಿಯುವಷ್ಟರಲ್ಲಿ 7,200ರಿಂದ 8,200 ಆಯಿತು, ನಿಮ್ಮ ವಾರಾಂತ್ಯಗಳ ಬೆಲೆ ಸೇರಿಸದೆ. ಚೀಟಿ ಸಮೇತ ಓಡುವ 944 ಒಂದು ನಿಮ್ಮ ಸುತ್ತಮುತ್ತ ಎಷ್ಟಕ್ಕಿದೆ ನೋಡಿ ಹೇಳಿ.

ಸೋಮವಾರಪೇಟೆ_ಎನ್‌ಜೆ

ಮಾಲೀಕರಿಗೆ ಫೋನ್ ಮಾಡಿದೆ, ಬ್ಯಾಟರಿ ಹಾಕಲ್ಲ ಅಂತ ಒಪ್ಪಿದ್ದಾರೆ. ಶುಕ್ರವಾರ ಎಣ್ಣೆ ಬಿಡೋಕೂ ಒಪ್ಪಿದರು. ಓಡುವ 1987ರದ್ದು ಒಂದು ಪೆನ್ಸಿಲ್ವೇನಿಯಾದಲ್ಲಿ 11,000ಕ್ಕಿದೆ, ಬೆಲ್ಟ್ ಕಳೆದ ವರ್ಷ ಆಗಿದೆಯಂತೆ.

ಕ್ಲಚ್ ಹೋಗಿದೆಯಾ ಅಂತ ಓಡಿಸದೆ ತಿಳಿಯೋದು ಹೇಗೆ?

ಧಾರವಾಡ_ಡೆಟ್ರಾಯಿಟ್

ಕ್ಲಚ್ ಸಲುವಾಗಿ ಛಲೋ ಕೇಳಿದ್ರಿ. ಈ ಗಾಡಿಯೊಳಗ ಗೇರ್‌ಬಾಕ್ಸ್ ಹಿಂದ, ಎಂಜಿನ್ ಮುಂದ, ನಡಕ ಅವೆರಡನ್ನೂ ಕೂಡಸೋ ಟಾರ್ಕ್ ಟ್ಯೂಬ್ ಐತಿ. ಹಂಗಾಗಿ ಕ್ಲಚ್ ಪ್ಲೇಟ್ ಮುಟ್ಟಬೇಕಂದ್ರ ಸೈಲೆನ್ಸರ್ ಇಳಸಬೇಕು, ಗೇರ್‌ಬಾಕ್ಸ್ ಇಳಸಬೇಕು, ಟ್ಯೂಬ್ ಹಿಂದಕ್ಕ ಸರಸಬೇಕು. ಗೊತ್ತಿದ್ದವರಿಗೂ ಹತ್ತು ಹನ್ನೆರಡು ತಾಸಿನ ಕೆಲಸ.

ಕ್ಲಚ್ ಸುತ್ತ ಇರೋ ಕವಚ, ಅಂದ್ರ ಬೆಲ್ ಹೌಸಿಂಗ್ ಮ್ಯಾಲೆ ಒಂದು ರಬ್ಬರ್ ಬೂಚು ಇರತೈತಿ. ಅದನ್ನ ತಗದ್ರ ಒಳಗ ಕ್ಲಚ್ ಫೋರ್ಕ್ ಕಾಣತೈತಿ. ಕಿಂಡಿಯ ಮುಂದಿನ ಅಂಚಿನಿಂದ ಫೋರ್ಕಿನ ಮಟಾ ಅಳೀರಿ. ಹೊಸಾ ಪ್ಲೇಟ್ ಇದ್ರ 18 ಮಿ.ಮೀ. ಹತ್ತಿರ, 34 ಬಂತಂದ್ರ ಪ್ಲೇಟ್ ಮುಗದೈತಿ. ಅಳತಿ ಪಟ್ಟಿ ಇಳ್ಯಾಂಗಿಲ್ಲಂದ್ರ ತಂತಿ ಬಗ್ಗಿಸಿ ಗುರ್ತು ಮಾಡ್ಕೋರಿ.

ಹಳೇ ಪ್ಲೇಟಿನ ನಡಕ ಸ್ಪ್ರಿಂಗ್ ಬದ್ಲಿ ರಬ್ಬರ್ ಇರತೈತಿ. ವಯಸ್ಸಾತಂದ್ರ ರಬ್ಬರ್ ಹರದು ಹೋಗತೈತಿ, ಪ್ಲೇಟ್ ದಪ್ಪ ಇದ್ರೂ ಗಾಡಿ ಮುಂದ ಹೋಗಾಂಗಿಲ್ಲ. ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮ್ಯಾಲೆ ಇಟ್ಟು, ಗೇರ್ ಹಾಕಿ, ಎರಡೂ ಚಕ್ರ ಇಬ್ಬರು ಕೂಡಿ ಒಂದೇ ದಿಕ್ಕಿಗೆ ಆಡಿಸಿ ನೋಡ್ರಿ. ಭಾಳ ಸಡ್ಲ ಆಡಿ ಆಮ್ಯಾಲ ಧಡ್ ಅಂದ್ರ ರಬ್ಬರ್ ಹೋಗೈತಿ ಅಂತ ಸಂಶಯ ಪಡ್ರಿ.

ಪೆಡಲ್ ತುಳದ್ರ ನೆಲಕ್ಕ ಹತ್ತಿ ಅಲ್ಲೇ ಕುಂತ್ರ ಹೆದರಬ್ಯಾಡ್ರಿ, ಅದು ಸಿಲಿಂಡರ್ ಸೀಲ್ ಒಣಗಿದ್ದು.

ಕ್ಯಾಮ್_ಗೇರ್

ಅದರ ಜತೆ ಒಂದು ಮಾತು. ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ. ಚಾಕೊಲೇಟ್ ಬಣ್ಣದ ಜಿಡ್ಡು ಇದ್ದರೆ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂತ ಎಲ್ಲರೂ ಹೇಳುತ್ತಾರೆ. 944ರಲ್ಲಿ ಮೊದಲು ಅನುಮಾನಿಸಬೇಕಾದ್ದು ಎಣ್ಣೆಯನ್ನು ಕೂಲೆಂಟಿನಿಂದ ತಣಿಸುವ ಆಯಿಲ್ ಕೂಲರಿನ ಸೀಲು. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಜಾಸ್ತಿ, ಹಾಗಾಗಿ ಸೀಲು ಹೋದರೆ ಎಣ್ಣೆ ನೀರಿಗೆ ಸೇರುತ್ತದೆ, ನೀರು ಎಣ್ಣೆಗೆ ಸೇರುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಎಣ್ಣೆ ಕಪ್ಪಾಗಿ ಶುದ್ಧವಾಗಿದ್ದು, ಟ್ಯಾಂಕಿನಲ್ಲಿ ಮಾತ್ರ ಜಿಡ್ಡಿದ್ದರೆ ಸೀಲು. ಬಿಡಿಭಾಗಕ್ಕೆ ನೂರು ಡಾಲರ್ ಒಳಗೆ, ಕೆಲಸ ಮಾತ್ರ ಕಿರಿಕಿರಿ, ಹೌಸಿಂಗ್ ಇಳಿಸಬೇಕು. ಒಳ್ಳೇ ಸಂಗತಿ ಅಂದರೆ 1987ರಿಂದ ಆಯಿಲ್ ಪ್ರೆಷರ್ ರಿಲೀಫ್ ವಾಲ್ವ್ ಒಂದೇ ತುಂಡಿನದು. ಅದಕ್ಕೂ ಹಿಂದಿನವುಗಳಲ್ಲಿ ಹೌಸಿಂಗ್ ಕೂರಿಸಲು ಅಲೈನ್‌ಮೆಂಟ್ ಟೂಲ್ ಬೇಕಿತ್ತು.

ಡಿಪ್‌ಸ್ಟಿಕ್ಕಿನಲ್ಲೂ ಮಜ್ಜಿಗೆಯಂತಿದ್ದರೆ ವಿಷಯ ಬೇರೆ. ನೀರು ಬೆರೆತ ಎಣ್ಣೆಯಲ್ಲಿ ಓಡಿದ್ದರೆ ಬೇರಿಂಗ್ ಹೋಗಿರುತ್ತದೆ. ಈ ಎಂಜಿನ್ನಿನಲ್ಲಿ 2ನೇ ಸಿಲಿಂಡರಿನ ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವಲ್ಲಿನದು) ಮೊದಲೇ ಕುಖ್ಯಾತ. ಆಗ ಕೈ ಮುಗಿದು ಬನ್ನಿ.

ಸೋಮವಾರಪೇಟೆ_ಎನ್‌ಜೆ

ನೋಡಿ ಬಂದೆ. ಕಂಡದ್ದಷ್ಟೇ ಬರೆಯುತ್ತೇನೆ.

ಕ್ರ್ಯಾಂಕ್ ಸರಾಗ ತಿರುಗಿತು, ರೋಟರ್ ಜತೆಗೇ ತಿರುಗಿತು. ಲೀಕ್‌ಡೌನ್: 1ನೇ ಸಿಲಿಂಡರ್ 9, 2ನೆಯದು 12, 3ನೆಯದು 48, 4ನೆಯದು 11. 3ರಲ್ಲಿ ಗಾಳಿ ಸೈಲೆನ್ಸರಿನಿಂದ ಬರುತ್ತಿತ್ತು. ಗೋಡೆಗಳಲ್ಲಿ ಗೀರು ಕಾಣಲಿಲ್ಲ. ಕೂಲೆಂಟ್ ಟ್ಯಾಂಕಿನಲ್ಲಿ ತೆಳು ಕಂದು ಜಿಡ್ಡು, ಡಿಪ್‌ಸ್ಟಿಕ್ ಶುದ್ಧ. ಕ್ಲಚ್ 24 ಮಿ.ಮೀ., ಚಕ್ರದಲ್ಲಿ ಸಡಿಲ ಇಲ್ಲ. ಬ್ಯಾಟರಿ ತಟ್ಟೆಯಲ್ಲಿ ಕಾಸಿನಗಲ ಎರಡು ತೂತು, ಪ್ಯಾಸೆಂಜರ್ ಕಾರ್ಪೆಟ್ ಒತ್ತಿದರೆ ಬೆರಳು ಒದ್ದೆ. ಟೈರಿನ ಮೇಲೆ 3411 ಅಂತ ಇದೆ. ಟ್ಯಾಂಕ್ ಮುಚ್ಚಳ ತೆಗೆದರೆ ವಾರ್ನಿಷ್ ವಾಸನೆ.

3ನೇ ಸಿಲಿಂಡರ್ ವಾಲ್ವ್ ಬಾಗಿದೆ ಅಂತ ಅರ್ಥವಾ?

ಕ್ಯಾಮ್_ಗೇರ್

ಅವಸರಪಟ್ಟು ತೀರ್ಮಾನಿಸಬೇಡಿ. ಬೆಲ್ಟ್ ಜಾರಿ ವಾಲ್ವ್ ಬಾಗಿದ್ದರೆ ಸಾಮಾನ್ಯವಾಗಿ ಒಂದೇ ಸಿಲಿಂಡರಿನಲ್ಲಿ ನಿಲ್ಲುವುದಿಲ್ಲ. ಬಾಗಿದ ವಾಲ್ವ್ 48ಕ್ಕೆ ನಿಲ್ಲುವುದೂ ಕಡಿಮೆ. ಎಂಜಿನ್ ನಿಂತಾಗ ಯಾವುದೋ ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದೇ ನಿಂತಿರುತ್ತದೆ. ಸೈಲೆನ್ಸರಿನ ಬಾಯಿಂದ ಒಂಬತ್ತು ವರ್ಷ ತೇವದ ಗಾಳಿ ನೇರ ಅಲ್ಲಿಗೆ ಹೋಗಿದೆ. ಸೀಟಿನ ಮೇಲೆ ತುಕ್ಕಿನ ಪದರ, ಮಸಿ ಕೂತು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅನ್ನಿಸುತ್ತದೆ.

ಎರಡು ಪರೀಕ್ಷೆ ಮಾಡಿ. ಬೋರ್‌ಸ್ಕೋಪಿನ ಮೂತಿಗೆ ಅದರ ಜತೆ ಬಂದ ಚಿಕ್ಕ ಕನ್ನಡಿ ಹಾಕಿ 3ನೇ ಪಿಸ್ಟನ್ನಿನ ತಲೆ ನೋಡಿ. ವಾಲ್ವ್ ಬಡಿದಿದ್ದರೆ ಮಸಿಯ ನಡುವೆ ಅರ್ಧಚಂದ್ರದಂಥ ಹೊಳೆಯುವ ಗೆರೆ ಇರುತ್ತದೆ. ಇನ್ನೊಂದು, ಪ್ಲಗ್ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕೈಯಲ್ಲೇ ಕ್ರ್ಯಾಂಕನ್ನು ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ, ಮತ್ತೆ ಅಳೆಯಿರಿ. ಇಳಿದರೆ ಕೊಳೆ. ಕದಲದೆ ನಿಂತರೆ ಹೆಡ್ ಇಳಿಸುವ ಖರ್ಚು ಸೇರಿಸಿ ಬೆಲೆ ಕಟ್ಟಿ.

ಲೆಕ್ಕದ_ಪುಸ್ತಕ

3411 ಅಂದರೆ 2011ರ 34ನೇ ವಾರ. ನೂಲು ಎದ್ದಿರದಿದ್ದರೂ ಆ ಟೈರಿನಲ್ಲಿ ಹೆದ್ದಾರಿಗೆ ಹೋಗಬೇಡಿ, ಗ್ಯಾರೇಜಿಗೆ ತಳ್ಳಲು ಸಾಕು. ಹೊಸ ಗಾಲಿ ಸಮೇತ ತಗೊಳ್ಳುವುದಾದರೆ ಎಚ್ಚರ: 1987ರಿಂದ ಗಾಲಿ ಎಷ್ಟು ಒಳಕ್ಕೆ ಕೂರುತ್ತದೆ ಅನ್ನುವ ಅಳತೆ, ಅಂದರೆ ಆಫ್‌ಸೆಟ್ ಬದಲಾಗಿದೆ, ಅದಕ್ಕೂ ಹಳೆಯ 944ರ ಗಾಲಿ ಇದಕ್ಕೆ ಸರಿಹೋಗದು.

ನನ್ನ ಲೆಕ್ಕ ಹೇಳುತ್ತೇನೆ. ಈ ಕಾರಿನ ತಳದ ಬೆಲೆ ಅಂದರೆ ಅದನ್ನು ಬಿಡಿಬಿಡಿಯಾಗಿ ಮಾರಿದರೆ ಬರುವ ಬೆಲೆ. ಗೇರ್‌ಬಾಕ್ಸ್, ಗಾಲಿ, ಸೀಟು, ದೀಪ, ಗಾಜು ಇಷ್ಟರಿಂದಲೇ 2,000 ಹತ್ತಿರ ಹುಟ್ಟುತ್ತದೆ. ಅಷ್ಟಕ್ಕೆ ಸಿಕ್ಕರೆ, ನಾಳೆ ಹೆಡ್ ಕೆಟ್ಟಿದೆ ಅಂತ ಗೊತ್ತಾದರೂ ಮುಳುಗುವುದಿಲ್ಲ. 3,000 ದಾಟಿದರೆ ಪೆನ್ಸಿಲ್ವೇನಿಯಾದ ಕಾರೇ ವಾಸಿ. ಡಿಎಂಇ ಪೆಟ್ಟಿಗೆ ಇರುವ ಜಾಗ ಒದ್ದೆಯಾಗಿದೆ ಅನ್ನುವುದನ್ನು ಫೋಟೊ ಸಮೇತ ತೋರಿಸಿ ಕೇಳಿ. ಅದು ಚೌಕಾಸಿ ಅಲ್ಲ, ಕಣ್ಣಿಗೆ ಕಾಣುವ ಸತ್ಯ.

ಮಲೆನಾಡ_ಮಳೆ

ಲೆಕ್ಕದ_ಪುಸ್ತಕ ಅವರ ಮಾತಿಗೆ ಅರ್ಧ ಒಪ್ಪಿಗೆ. ಕೆಲಸ ಕಲಿಯುವ ಆಸೆ ಇಲ್ಲದೆ, ಓಡಿಸುವ ಆಸೆ ಮಾತ್ರ ಇದ್ದರೆ 2,000ಕ್ಕೆ ಸಿಕ್ಕರೂ ಇದು ಬೇಡ, 11,000ದ ಕಾರಿನ ಬೆಲ್ಟ್ ಚೀಟಿ ನೋಡಿ ಅದನ್ನೇ ತಗೊಳ್ಳಿ. ಆರು ತಿಂಗಳು ಗ್ಯಾರೇಜಿನ ಒಂದು ಜಾಗ ಇದಕ್ಕೆ ಮೀಸಲಿಡಬಲ್ಲಿರಾ, ಮನೆಯವರು ಒಪ್ಪಿದ್ದಾರಾ ಅನ್ನುವುದನ್ನು ಮೊದಲು ತೀರ್ಮಾನಿಸಿ.

ಬ್ಯಾಟರಿ ತಟ್ಟೆಯ ತೂತು ಸುತ್ತಲಿನ ಗೋಡೆಗೆ ಹಬ್ಬಿಲ್ಲದಿದ್ದರೆ ಕತ್ತರಿಸಿ ಹೊಸ ತಗಡು ಬೆಸೆದರೆ ಆಯಿತು. ಬೆಸೆಯುವ ಮುಂಚೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ, ನೊರೆ ನಿಲ್ಲುವ ತನಕ ತೊಳೆಯಿರಿ, ಇಲ್ಲದಿದ್ದರೆ ಉಳಿದ ಆಸಿಡ್ ಹೊಸ ತಗಡನ್ನೂ ತಿನ್ನುತ್ತದೆ. ವೆಲ್ಡಿಂಗ್‌ಗೆ ಮುಂಚೆ ಡಿಎಂಇ ಪೆಟ್ಟಿಗೆ ಬಿಚ್ಚಿ ಹೊರಗಿಡಿ.

ಸೋಮವಾರಪೇಟೆ_ಎನ್‌ಜೆ

ಮತ್ತೆ ಹೋಗಿ ಎರಡೂ ಪರೀಕ್ಷೆ ಆಯಿತು. 3ನೇ ಪಿಸ್ಟನ್ ಮೇಲೆ ಗುರುತು ಇಲ್ಲ. ಮೂವತ್ತು ಸುತ್ತಿನ ಮೇಲೆ 48 ಇದ್ದದ್ದು 21ಕ್ಕೆ ಇಳಿಯಿತು. ಒದ್ದೆ ಕಾರ್ಪೆಟ್, ತೂತು ಎರಡರ ಫೋಟೊ ತೋರಿಸಿದೆ. 2,300ಕ್ಕೆ ಮಾತಾಯಿತು, ಟೈಟಲ್ ಅವರ ಹೆಸರಲ್ಲೇ ಇದೆ, ಲಿಯನ್ ಇಲ್ಲ. ಮನೆಯಲ್ಲೂ ಒಪ್ಪಿಗೆ ಸಿಕ್ಕಿದೆ. ಭಾನುವಾರ ಫ್ಲಾಟ್‌ಬೆಡ್ ಮೇಲೆ ಬರುತ್ತೆ. ಮೊದಲ ಸ್ಟಾರ್ಟಿಗೆ ಮುಂಚೆ ಯಾವ ಕ್ರಮದಲ್ಲಿ ಹೋಗಲಿ?

ಧಾರವಾಡ_ಡೆಟ್ರಾಯಿಟ್

ಛಲೋ ಆತು! ಮೊದ್ಲ ಪೆಟ್ರೋಲ್. ಟ್ಯಾಂಕ್ ಪ್ಲಾಸ್ಟಿಕ್ ಇದ್ದದ್ದಕ್ಕ ಒಳಗ ತುಕ್ಕಿಲ್ಲ. ಆದ್ರ ಪಂಪ್ ಹಚ್ಚಿ ಹಳೇ ಪೆಟ್ರೋಲ್ ಖಾಲಿ ಮಾಡಾಕ ಹೋಗಬ್ಯಾಡ್ರಿ, ಅಂಟು ಇಂಜೆಕ್ಟರ್ ಮಟಾ ಹೋಗತೈತಿ. ಟ್ಯಾಂಕಿನ ಕೆಳಗಿನ ಹೋಸ್ ಬಿಚ್ಚಿ ಇಳಸ್ರಿ, ಜರಡಿ ತಗದು ತೊಳೀರಿ. ಎಂಜಿನ್ ಮ್ಯಾಲಿನ ಪೆಟ್ರೋಲ್ ಹೋಸ್ ಮಾತ್ರ ನೋಡಾಕ ಛಲೋ ಅದಾವಂತ ಬಿಡಬ್ಯಾಡ್ರಿ. ಹಳೇ 944ಕ್ಕ ಬೆಂಕಿ ಹತ್ತೋದು ಅಲ್ಲಿಂದನ. ಹೊಸಾವು ಹಾಕಿದ ಮ್ಯಾಲೇ ಪಂಪಿಗೆ ಕರೆಂಟ್ ಕೊಡ್ರಿ.

ಕ್ಯಾಮ್_ಗೇರ್

ಬೆಲ್ಟ್ ಕೆಲಸಕ್ಕೆ: ಫ್ಲೈವೀಲಿನ ಟಿಡಿಸಿ ಗೆರೆ (1ನೇ ಪಿಸ್ಟನ್ ತುದಿಗೇರಿದ ಗುರುತು) ಬೆಲ್ ಹೌಸಿಂಗ್ ಕಿಂಡಿಯಲ್ಲಿ, ಕ್ಯಾಮ್ ಗೇರಿನ ಗುರುತು ಹಿಂದಿನ ಕವರಿನ ಗುರುತಿಗೆ. ಎರಡೂ ಕೂಡಿದ ಮೇಲೆ ಹಳೇ ಬೆಲ್ಟ್ ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. 1987ರದ್ದಕ್ಕೆ ಸ್ಪ್ರಿಂಗ್ ಟೆನ್ಷನರ್ ಇದೆ, ಬೋಲ್ಟ್ ಸಡಿಲಿಸಿದರೆ ಸ್ಪ್ರಿಂಗೇ ಬಿಗಿ ಕೊಡುತ್ತದೆ. ಹೊಸ ಬೆಲ್ಟ್ ಹಾಕಿ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡಿದರೆ ಮಾತ್ರ ಬೋಲ್ಟ್ ಬಿಗಿ ಮಾಡಿ. ಬ್ಯಾಲೆನ್ಸ್ ಬೆಲ್ಟ್ ತೀರಾ ಬಿಗಿಯಾದರೆ ಊಳಿಡುತ್ತದೆ. ಶಾಫ್ಟ್ ಅರ್ಧ ಸುತ್ತು ತಪ್ಪಿ ಕೂತರೆ ಎಂಜಿನ್ ಒಡೆಯುವುದಿಲ್ಲ, ಆದರೆ ಇಡೀ ಕಾರು ನಡುಗುತ್ತದೆ. ಇದೇ ಸಮಯಕ್ಕೆ ಆಯಿಲ್ ಕೂಲರ್ ಸೀಲುಗಳನ್ನೂ ಮುಗಿಸಿ, ಕೂಲೆಂಟ್ ಹೇಗೂ ಇಳಿಸಿರುತ್ತೀರಿ.

ಮೊದಲ ಸೆಲ್ಫಿಗೆ ಪ್ಲಗ್ ಹಾಕಬೇಡಿ, ಡಿಎಂಇ ರಿಲೇ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಆಗ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ನಡುವೆ ಒಂದು ನಿಮಿಷ ಬಿಟ್ಟು, ಆಯಿಲ್ ಗೇಜಿನ ಮುಳ್ಳು ಮೇಲೇಳುವ ತನಕ ಕಾಯಿರಿ. ಎದ್ದ ಮೇಲೆ ಪ್ಲಗ್ ಹಾಕಿ, ರಿಲೇ ಹಾಕಿ. ಹಳೇ ರಿಲೇ ಬದಲು ಹೊಸದೇ ಹಾಕಿಬಿಡಿ, ಒಳಗಿನ ಬೆಸುಗೆ ಬಿರುಕು ಬಿಟ್ಟು ಕಾರು ನಿಲ್ಲುವುದು ಈ ಕಾರುಗಳ ಹಳೇ ಕಾಯಿಲೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಕುಣಿಯಬೇಕು. ಕುಣಿಯದಿದ್ದರೆ ಬೆಲ್ ಹೌಸಿಂಗ್ ಮೇಲಿನ ಎರಡು ಸೆನ್ಸರ್ ನೋಡಿ. ಫ್ಲೈವೀಲಿಗೆ 0.8 ಮಿ.ಮೀ. ಅಂತರ ಇರಬೇಕು. ಅವುಗಳ ಕನೆಕ್ಟರಿನ ಪ್ಲಾಸ್ಟಿಕ್ ಮುಟ್ಟಿದರೆ ಪುಡಿಯಾಗುತ್ತದೆ, ಎಳೆಯುವ ಮುಂಚೆ ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬಿಸಿ ಮಾಡಿ.

ಸೋಮವಾರಪೇಟೆ_ಎನ್‌ಜೆ

ಬರೆದುಕೊಂಡೆ. ಸಾಮಾನಿನ ಪಟ್ಟಿ ಆರ್ಡರ್ ಮಾಡುವ ಮುಂಚೆ ಇಲ್ಲೇ ಹಾಕ್ತೀನಿ, ಏನಾದರೂ ಬಿಟ್ಟಿದ್ದರೆ ಹೇಳಿ.

ಕ್ಯಾಮ್_ಗೇರ್

ಕ್ರ್ಯಾಂಕ್ ಸೀಲು, ಎರಡೂ ಬ್ಯಾಲೆನ್ಸ್ ಶಾಫ್ಟಿನ ಸೀಲು ಸೇರಿಸಿ. ಸೋರುವ ಎಣ್ಣೆ ಹೊಸ ಬೆಲ್ಟಿನ ಮೇಲೆ ಬಿದ್ದರೆ ಅದೂ ಹಾಳು. 1,500 ಮೈಲಿ ಆದ ಮೇಲೆ ಬಿಗಿ ಮತ್ತೊಮ್ಮೆ ನೋಡಬೇಕು, ಕವರಿನ ಒಳಗೆ ಪೆನ್ನಿನಲ್ಲಿ ತಾರೀಖು, ಮೈಲಿ ಬರೆದಿಡಿ.